ಯಾರೂ ನೋಡದ ಜಾಗ

ಕ್ಲೀನರ್ ಎಂದರೆ ನಮ್ಮ ಕಡೆ ಲಾರಿಯ ಬಾಗಿಲಿಗೆ ಜೋತುಬಿದ್ದು ‘ರೈಟ್ ರೈಟ್’ ಎಂದು ಕೂಗುವ ಹುಡುಗ. ಕಡಲಿನಲ್ಲಿಯೂ ಒಂದು ಕ್ಲೀನರ್ ಇದೆ, ಅದೊಂದು ಮೀನು ಎಂದು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಇಂಗ್ಲಿಷಿನಲ್ಲಿ ಅದನ್ನು ಕ್ಲೀನರ್ ರಾಸ್ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ಹೆಸರಿನ ಉದ್ದಕ್ಕೂ ಮೀನಿನ ಉದ್ದಕ್ಕೂ ಸಂಬಂಧವಿಲ್ಲ. ಬೆಳೆದರೆ ಹತ್ತು ಸೆಂಟಿಮೀಟರು, ಹೆಚ್ಚೆಂದರೆ ಹದಿನಾಲ್ಕು. ತಿಳಿನೀಲಿ ಮೈ, ಮೂತಿಯಿಂದ ಬಾಲದವರೆಗೆ ಅಗಲವಾಗುತ್ತ ಹೋಗುವ ಒಂದು ಕಪ್ಪು ಪಟ್ಟೆ. ಕೆಂಪು ಸಮುದ್ರದಿಂದ ಹಿಡಿದು ಹಿಂದೂ ಮಹಾಸಾಗರವನ್ನು ದಾಟಿ ಪೆಸಿಫಿಕ್ಕಿನ ದ್ವೀಪಗಳವರೆಗೆ ಹವಳದ ದಿಬ್ಬಗಳಿರುವ ಕಡೆಯೆಲ್ಲ ಅದರ ವಾಸ. ನಮ್ಮ ಲಕ್ಷದ್ವೀಪದಲ್ಲಿಯೂ ಇದೆ, ಅಂಡಮಾನಿನಲ್ಲಿಯೂ ಇದೆ.

ಈ ಮೀನು ಮಾಡುವುದು ಅಂಗಡಿಯ ವ್ಯಾಪಾರ. ಹವಳದ ಒಂದು ಮೂಲೆಯನ್ನು ಆರಿಸಿಕೊಂಡು ಅಲ್ಲಿಯೇ ಇರುತ್ತದೆ. ಬೇರೆ ಮೀನುಗಳು ತಾವಾಗಿಯೇ ಅದನ್ನು ಹುಡುಕಿಕೊಂಡು ಬರುತ್ತವೆ, ಬಂದು ಮೈ ಬಿಟ್ಟು ನಿಲ್ಲುತ್ತವೆ. ಕೆಲವು ತಲೆಕೆಳಗಾಗಿ, ಕೆಲವು ಬಾಯಿ ತೆರೆದು, ಕಿವಿರನ್ನು ಅಗಲಿಸಿಕೊಂಡು. ದನದ ಮೈಯಲ್ಲಿ ಉಣ್ಣೆ ಕಚ್ಚಿಕೊಂಡಿರುವಂತೆ ಕಡಲಿನ ಮೀನುಗಳಿಗೂ ರಕ್ತ ಹೀರುವ ಸಣ್ಣ ಜೀವಿಗಳ ಕಾಟವಿದೆ. ಈ ಪುಟಾಣಿ ಅವನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಗ್ರೂಪರ್ ಎಂಬ ದೈತ್ಯಮೀನಿನ ಬಾಯೊಳಕ್ಕೇ ಹೋಗಿ, ಹಲ್ಲಿನ ಸಂದಿಯಲ್ಲಿ ಕೆಲಸ ಮುಗಿಸಿ ಹೊರಗೆ ಬರುತ್ತದೆ. ಬಾಯಿ ಮುಚ್ಚಿದರೆ ಮುಗಿಯಿತು. ಆದರೆ ಗ್ರೂಪರ್ ಮುಚ್ಚುವುದಿಲ್ಲ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರ ಗ್ರಟರ್ ಎಂಬ ವಿಜ್ಞಾನಿ ಇದನ್ನು ಕೂತು ಎಣಿಸಿದ್ದಾರೆ. ಒಂದು ಮೀನು ಒಂದು ದಿನಕ್ಕೆ ಸುಮಾರು 2300 ಸಲ ಗಿರಾಕಿಗಳ ಮೈ ಪರೀಕ್ಷಿಸಿ 1200ರಷ್ಟು ಪರೋಪಜೀವಿಗಳನ್ನು ತಿನ್ನುತ್ತದಂತೆ. 1996ರಲ್ಲಿ ಅವರು ಈ ಲೆಕ್ಕ ಪ್ರಕಟಿಸಿದರು. ನಾನು ಒಂದು ದಿನದಲ್ಲಿ ಅರವತ್ತು ನೋಟ್‌ಬುಕ್ ತಿದ್ದಿದರೆ ರಾತ್ರಿ ಊಟ ಬೇಡವೆನ್ನಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಪರಸ್ಪರ ಸಹಕಾರದ ಒಂದು ಸುಂದರ ಪಾಠವಾಗಿ ಐದನೆಯ ತರಗತಿಯ ಪುಸ್ತಕ ಸೇರುತ್ತಿತ್ತು. ಆದರೆ ಮುಂದೆ ಓದಿದಾಗ ತಿಳಿದದ್ದು ಬೇರೆ. ಈ ಮೀನಿಗೆ ನಿಜವಾಗಿ ಇಷ್ಟವಾದದ್ದು ಆ ಹುಳುಗಳಲ್ಲ, ಗಿರಾಕಿಯ ಮೈಮೇಲಿನ ಲೋಳೆ. ಮೀನಿನ ಮೈಗೆ ರಕ್ಷೆಯಾಗಿರುವ ಆ ಲೋಳೆಯೇ ಇದಕ್ಕೆ ರುಚಿ. ಎರಡನ್ನೂ ಮುಂದಿಟ್ಟರೆ ಲೋಳೆಯ ಕಡೆಗೇ ಹೋಗುತ್ತದೆಂದು 2003ರಲ್ಲಿ ಗ್ರಟರ್ ಮತ್ತು ರೆದೊವಾನ್ ಬಿಶಾರಿ ತೋರಿಸಿದರು. ಎಂದರೆ, ಪ್ರತಿ ಗಿರಾಕಿಯ ಮುಂದೆಯೂ ಈ ಮೀನು ತನಗೆ ಇಷ್ಟವಾದದ್ದನ್ನು ಬಿಟ್ಟು ಇಷ್ಟವಿಲ್ಲದ್ದನ್ನು ತಿನ್ನಬೇಕು. ಆಗಾಗ ತಡೆಯಲಾರದೆ ಒಂದು ಕಚ್ಚು ಲೋಳೆ ಕದಿಯುತ್ತದೆ. ಗಿರಾಕಿ ಬೆಚ್ಚಿಬಿದ್ದು ಮೈ ಕೊಡವುತ್ತದೆ. ನೀರಿನಲ್ಲಿ ಆ ಕೊಡವುವಿಕೆಯೇ ದೂರು.

ನನ್ನ ಮನಸ್ಸನ್ನು ಹಿಡಿದದ್ದು ಇಲ್ಲಿಂದ ಮುಂದಿನದು. ಸರದಿಗಾಗಿ ಕಾಯುತ್ತಿರುವ ಬೇರೆ ಮೀನುಗಳು ಇದನ್ನೆಲ್ಲ ನೋಡುತ್ತಿರುತ್ತವೆ. ಮುಂದಿನ ಗಿರಾಕಿ ಬೆಚ್ಚಿಬಿದ್ದದ್ದನ್ನು ಕಂಡರೆ ಬೇರೆ ಅಂಗಡಿಗೆ ಹೊರಟುಹೋಗುತ್ತವೆ. ಅದು ಈ ಮೀನಿಗೂ ಗೊತ್ತು. ಆದ್ದರಿಂದ ಯಾರಾದರೂ ನೋಡುತ್ತಿದ್ದಾಗ ಅದು ಕಚ್ಚುವುದು ಕಡಿಮೆ. ಯಾರೂ ಇಲ್ಲದಾಗ ಹೆಚ್ಚು. ಇದನ್ನು 2006ರಲ್ಲಿ ಬಿಶಾರಿ ಮತ್ತು ಗ್ರಟರ್, ಮತ್ತೆ 2011ರಲ್ಲಿ ಅವರೂ ಸೇರಿದ್ದ ಒಂದು ತಂಡದವರು ತೊಟ್ಟಿಗಳಲ್ಲಿ ಇಟ್ಟು ಪರೀಕ್ಷಿಸಿ ಖಚಿತಪಡಿಸಿದರು. ಕಣ್ಣು ಮುಚ್ಚಿ ಹಾಲು ಕುಡಿಯುವ ನಮ್ಮ ಗಾದೆಯ ಬೆಕ್ಕಿಗಿಂತ ಇದು ಒಂದು ಹೆಜ್ಜೆ ಮುಂದೆ ಎನ್ನಬೇಕು. ಬೆಕ್ಕು ತಾನು ಕಣ್ಣು ಮುಚ್ಚಿದರೆ ಸಾಕೆಂದುಕೊಳ್ಳುತ್ತದೆ. ಇದು ಬೇರೆಯವರ ಕಣ್ಣು ತೆರೆದಿದೆಯೇ ಎಂದು ನೋಡಿಕೊಳ್ಳುತ್ತದೆ.

ತಾರತಮ್ಯವೂ ಇದೆ. ತನ್ನನ್ನೇ ನುಂಗಬಲ್ಲ ಬೇಟೆಗಾರ ಮೀನಿಗೆ ಮೋಸ ಮಾಡುವ ಗೋಜಿಗೇ ಇದು ಹೋಗುವುದಿಲ್ಲ. ದೂರದೂರ ಓಡಾಡುವ, ನಾಲ್ಕು ಅಂಗಡಿ ಕಂಡ ಮೀನು ಬಂದರೆ ಅದಕ್ಕೆ ಮೊದಲ ಮಣೆ. ಅದೇ ಹವಳದ ಸಂದಿಯಲ್ಲಿ ಮನೆ ಮಾಡಿಕೊಂಡು ಬೇರೆಲ್ಲಿಗೂ ಹೋಗಲಾರದ ಸಣ್ಣ ಮೀನು ಕಾಯುತ್ತಿರಬೇಕು. ಮೋಸಹೋದ ಗಿರಾಕಿ ಮುನಿಸಿಕೊಂಡರೆ ಬೆನ್ನಮೇಲೆ ತನ್ನ ರೆಕ್ಕೆಗಳಿಂದ ಮೃದುವಾಗಿ ಸವರಿ ಸಮಾಧಾನ ಮಾಡುವುದೂ ಉಂಟು. ಆ ಸವರಿಕೆಯಿಂದ ಮೀನಿನ ಮೈಯ ಒತ್ತಡ ನಿಜವಾಗಿಯೂ ಇಳಿಯುತ್ತದೆಂದು ಅಳೆದು ನೋಡಿದವರಿದ್ದಾರೆ. ಇದನ್ನು ಓದುವಾಗ ನನಗೆ ನಮ್ಮೂರ ಸಂತೆಬೀದಿಯೇ ಕಣ್ಣಮುಂದೆ ಬಂತು. ಮಗುವನ್ನು ಟೊಮೆಟೊ ತರಲು ಕಳಿಸಿದರೆ ಕೆಳಗೆ ಎರಡು ಕೊಳೆತದ್ದು ಬರುತ್ತವೆ, ನಾವೇ ಹೋಗಿ ನಿಂತರೆ ಬರುವುದಿಲ್ಲ. ‘ಏನಪ್ಪಾ ಮೊನ್ನೆ ಹೀಗೆ ಕೊಟ್ಟಿದ್ದೀಯ’ ಎಂದರೆ ಒಂದು ಹಿಡಿ ಕರಿಬೇವು ಕೊಸರು ಬೀಳುತ್ತದೆ. ಕಾರಿನಲ್ಲಿ ಬಂದವರಿಗೆ ಮೊದಲು ತೂಗುತ್ತಾರೆ, ತಿಂಗಳ ಸಾಲ ಬರೆಸುವವಳು ಪಕ್ಕಕ್ಕೆ ನಿಲ್ಲುತ್ತಾಳೆ. ಎಲ್ಲಿಗೂ ಹೋಗಲಾರದವರಿಗೆ ಯಾವಾಗಲೂ ಕೊನೆಯ ಸರದಿ.

ನಮಗೆ ಹೆಂಗಸರಿಗೆ ಈ ನೋಡುವ ಕಣ್ಣಿನ ವಿಷಯ ಹೊಸದಲ್ಲ. ‘ನಾಲ್ಕು ಜನ ನೋಡಿದರೆ ಏನಂದಾರು’ ಎಂಬ ಒಂದೇ ವಾಕ್ಯದ ಮೇಲೆ ನಮ್ಮ ಅಮ್ಮಂದಿರು ತಮ್ಮ ಇಡೀ ಆಯುಸ್ಸನ್ನು ಕಟ್ಟಿಕೊಂಡಿದ್ದರು. ಆ ನಾಲ್ಕು ಜನ ಯಾರು ಎಂದು ಯಾರೂ ಕೇಳಲಿಲ್ಲ. ಅದು ಗುಣವೋ ಭಯವೋ ಎಂದು ಬೇರ್ಪಡಿಸಿ ನೋಡುವ ಪುರುಸೊತ್ತೂ ಅವರಿಗಿರಲಿಲ್ಲ. ಈ ಮೀನಿನ ಸಂಸಾರದಲ್ಲಿಯೂ ಒಂದು ತಮಾಷೆಯಿದೆ. ಒಂದು ದೊಡ್ಡ ಗಂಡು, ಅದರ ಕೈಕೆಳಗೆ ಹಲವು ಹೆಣ್ಣು. ಗಂಡು ಹೆಣ್ಣು ಜೊತೆಯಾಗಿ ಒಂದೇ ಗಿರಾಕಿಯನ್ನು ಶುಚಿ ಮಾಡುತ್ತಿರುವಾಗ ಹೆಣ್ಣು ಲೋಳೆ ಕದ್ದರೆ ಗಿರಾಕಿ ಹೊರಟುಹೋಗುತ್ತದೆ. ಆಗ ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗಿರಾಕಿಗೆ ಅನ್ಯಾಯವಾಯಿತಲ್ಲ ಎಂಬ ಸಂಕಟ ಅಲ್ಲಿಲ್ಲ. ತನ್ನ ಊಟ ಹೋಯಿತಲ್ಲ ಎಂಬ ಸಿಟ್ಟು ಎಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಅಟ್ಟಿಸಿಕೊಂಡ ಹೆಣ್ಣು ಮುಂದಿನ ಸಲ ಸ್ವಲ್ಪ ನೇಮದಿಂದಿರುತ್ತದೆ. ಗೃಹಿಣಿಯರೇ, ಇದಕ್ಕೆ ನಾನು ವ್ಯಾಖ್ಯಾನ ಬರೆಯಬೇಕಿಲ್ಲ. ಆದರೆ ಗಂಡು ಸತ್ತರೆ ಆ ಗುಂಪಿನ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನ ಗತ್ತನ್ನು ತೋರಿಸತೊಡಗಿ, ಎರಡು ಮೂರು ವಾರಗಳಲ್ಲಿ ದೇಹದಿಂದಲೂ ಗಂಡೇ ಆಗಿಬಿಡುತ್ತದೆ. 1972ರಲ್ಲಿ ರಾಬರ್ಟ್‌ಸನ್ ಎಂಬವರು ಇದನ್ನು ವರದಿ ಮಾಡಿದಾಗ ವಿಜ್ಞಾನಿಗಳೇ ಬೆರಗಾಗಿದ್ದರು. ಹಾಗೆ ಬದಲಾದದ್ದು ಆಮೇಲೆ ಉಳಿದ ಹೆಣ್ಣುಗಳನ್ನು ಅಟ್ಟಿಸುವ ಕೆಲಸಕ್ಕೆ ನಿಲ್ಲುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ತಮಾಷೆ ಅಲ್ಲಿಗೆ ಬಿಡೋಣ. ನಾನು ಮಕ್ಕಳಿಗೆ ಪಾಠ ಹೇಳುವವಳು, ಕನ್ನಡ ಮತ್ತು ಸಮಾಜ. ಪ್ರತಿ ವರ್ಷ ಕನಕ ಜಯಂತಿಯಂದು ಬಾಳೆಹಣ್ಣಿನ ಕಥೆ ಹೇಳುತ್ತೇನೆ. ನಿಮಗೆಲ್ಲ ಗೊತ್ತಿರುವ ಕಥೆಯೇ. ವ್ಯಾಸರಾಯರು ಶಿಷ್ಯರಿಗೆ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎನ್ನುತ್ತಾರೆ. ಒಬ್ಬ ಕಂಬಳಿಯೊಳಗೆ, ಒಬ್ಬ ಅಟ್ಟದ ಮೇಲೆ, ಒಬ್ಬ ಕತ್ತಲ ಕೋಣೆಯಲ್ಲಿ ತಿಂದು ಬರುತ್ತಾರೆ. ಕನಕದಾಸರು ಹಣ್ಣನ್ನು ಹಾಗೆಯೇ ಹಿಡಿದುಕೊಂಡು ಬರುತ್ತಾರೆ, ಭಗವಂತ ನೋಡದ ಜಾಗವೇ ಸಿಗಲಿಲ್ಲವೆಂದು. ಇತಿಹಾಸವೋ ಕಥೆಯೋ, ನಮ್ಮ ಜನ ಇದನ್ನು ಬಿಡದೆ ಹೇಳಿಕೊಂಡು ಬಂದಿದ್ದಾರೆ. ಒಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಹಂಗಾದ್ರೆ ಕನಕದಾಸ್ರೂ ಯಾರೋ ನೋಡ್ತಾರೆ ಅಂತ್ಲೇ ಅಲ್ವಾ ಮಿಸ್ ತಿನ್ನದೇ ಬಿಟ್ಟಿದ್ದು?” ಎಂದಳು.

ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಪ್ರಶ್ನೆ ಎಂದು ಪಾಪ ಅವಳಿಗೆ ಗೊತ್ತಿಲ್ಲ. ಪ್ಲೇಟೋನ ಗ್ರಂಥದಲ್ಲಿ ಗ್ಲಾಕನ್ ಎಂಬ ತರುಣ ಒಂದು ಉಂಗುರದ ಕಥೆ ಹೇಳುತ್ತಾನೆ. ಲಿಡಿಯ ದೇಶದ ಒಬ್ಬ ಕುರಿಗಾಹಿಗೆ ಆ ಉಂಗುರ ಸಿಗುತ್ತದೆ. ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ಸಿಂಹಾಸನ ಏರುತ್ತಾನೆ. ಅಂಥ ಉಂಗುರ ಸಿಕ್ಕಿದರೆ ಒಳ್ಳೆಯವನೂ ಕೆಟ್ಟವನೂ ಒಂದೇ ದಾರಿ ಹಿಡಿಯುತ್ತಾರೆ ಎಂಬುದು ಗ್ಲಾಕನ್ ಮುಂದಿಡುವ ವಾದ. ನಮ್ಮ ಮೀನು ಗ್ಲಾಕನ್ನನ ಪರವಾಗಿ ಸಾಕ್ಷಿ ಹೇಳುತ್ತದೆ. ಗಿರಾಕಿಗಳಿಲ್ಲದ ಗಳಿಗೆಯೇ ಅದರ ಉಂಗುರ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಪೊಲೀಸು ನೋಡುತ್ತಾನೆಂದು ತಿನ್ನದೇ ಇರುವುದು ಒಂದು. ಪಕ್ಕದಲ್ಲಿ ತಂಗಿ ಕೂತಿದ್ದಾಳೆ, ಅವಳನ್ನು ಬಿಟ್ಟು ಹೇಗೆ ತಿನ್ನಲಿ ಎಂದು ತಿನ್ನದೇ ಇರುವುದು ಇನ್ನೊಂದು. ಕನಕದಾಸರಿಗೆ ಅವರ ದೇವರು ಕಾವಲುಗಾರನಾಗಿರಲಿಲ್ಲ, ಜೊತೆಗಾರನಾಗಿದ್ದ. ಕಾವಲುಗಾರ ಕಣ್ಣು ತಪ್ಪಿಸಿದರೆ ಸಾಕು. ಜೊತೆಗಾರನಿಂದ ತಪ್ಪಿಸಿಕೊಳ್ಳಬೇಕೆಂದು ಅನ್ನಿಸುವುದೇ ಇಲ್ಲ. ಹುಡುಗಿ ಕೂತಳು, ಆದರೆ ಅವಳ ಮುಖ ಒಪ್ಪಿದ ಮುಖವಾಗಿರಲಿಲ್ಲ. ನಾನು ಈಗಲೂ ಆ ಉತ್ತರವನ್ನೇ ನಂಬುತ್ತೇನೆ. ಆದರೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲವೆಂದು ಎರಡು ಸಂಗತಿಗಳಿಂದ ತಿಳಿಯಿತು.

ಒಂದು, 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು, ದೂರದಲ್ಲಿ ಕೂತ ಅಧಿಕಾರಿಗಳು ನೋಡುವಂತೆ ವೆಬ್‌ಕಾಸ್ಟಿಂಗ್ ಜಾರಿಗೆ ಬಂತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಸ್ಟಾಫ್ ರೂಮಿನಲ್ಲಿ ಆ ದಿನ ಎಲ್ಲರ ಬಾಯಲ್ಲಿಯೂ ಒಂದೇ ಮಾತು, ಇಷ್ಟು ವರ್ಷ ಎಷ್ಟು ಕಾಪಿ ನಡೆದಿರಬೇಕು ನೋಡಿ, ಅಂತ. ಎರಡು ವರ್ಷದ ಮಕ್ಕಳು ಬೇರೆ ಬೇರೆ, ಪ್ರಶ್ನೆಪತ್ರಿಕೆಯೂ ಬೇರೆ, ಎಲ್ಲವನ್ನೂ ಕ್ಯಾಮೆರಾದ ತಲೆಗೆ ಕಟ್ಟಲಾಗದು, ನಿಜ. ಆದರೂ ಕಣ್ಣಿಗೆ ಆ ಶಕ್ತಿ ಇದೆಯೆಂಬುದನ್ನು ಅಲ್ಲಗಳೆಯಲೂ ಆಗದು. ಪಕ್ಕದ ಗಿರಾಕಿ ನೋಡುತ್ತಿದ್ದರೆ ಲೋಳೆ ಬಿಟ್ಟು ಹುಳ ತಿನ್ನುವ ಮೀನನ್ನು ನಾನು ಮನಸ್ಸಿನಲ್ಲಿಯೇ ನೆನೆದೆ.

ಎರಡನೆಯದು ನನ್ನ ಅಕ್ಕನ ಮಗನ ಮನೆಯದು. ಅವನು ಬೆಂಗಳೂರಿನಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟುಕೊಂಡಿದ್ದ. ನಮ್ಮಲ್ಲಿ ಗೋಲ್ಡ್‌ಫಿಷ್ ಸಾಕುವಂತಲ್ಲ ಇದು. ನೀರಿಗೆ ಲೆಕ್ಕ ಹಾಕಿ ಉಪ್ಪು ಬೆರೆಸಬೇಕು, ಬೆಳಕು, ಬಿಸಿ, ಎಲ್ಲಕ್ಕೂ ಯಂತ್ರ. ಕರೆಂಟು ಹೋದರೆ ಮನೆಯವರಿಗಿಂತ ಮೊದಲು ಮೀನಿನ ಚಿಂತೆ. ಅಲ್ಲಿ ಬೇರೆ ಮೀನುಗಳ ಜೊತೆ ಈ ನೀಲಿ ಕ್ಲೀನರ್ ಒಂದಿತ್ತು. “ಚಿಕ್ಕಮ್ಮಾ, ಇದು ಬೇರೆ ಮೀನಿಗೆ ಡಾಕ್ಟರು” ಎಂದು ಅವನು ಹೆಮ್ಮೆಯಿಂದ ತೋರಿಸಿದ. ಆದರೆ ತೊಟ್ಟಿಯಲ್ಲಿ ಇದ್ದ ಮೀನು ಐದೋ ಆರೋ. ಕಡಲಿನಲ್ಲಿ ದಿನಕ್ಕೆ ಎರಡು ಸಾವಿರ ಸಲ ಗಿರಾಕಿ ನೋಡುವ ಜೀವಕ್ಕೆ ಐದಾರು ಗಿರಾಕಿ! ಅವುಗಳ ಮೈಮೇಲಿನ ಹುಳು ಮೊದಲ ಕೆಲವು ದಿನಗಳಲ್ಲಿಯೇ ಮುಗಿದಿರಬೇಕು. ಆಮೇಲೆ ಇದು ಹಗಲೆಲ್ಲ ಅವುಗಳ ಹಿಂದೆ ಬಿದ್ದು ಲೋಳೆಯನ್ನೇ ಕೀಳತೊಡಗಿತು. ಅವು ತಪ್ಪಿಸಿಕೊಂಡು ಮೂಲೆ ಸೇರಿದವು. ಅಂಗಡಿಯಿಂದ ತಂದ ಆಹಾರವನ್ನು ಇದು ಮೂಸಿಯೂ ನೋಡಲಿಲ್ಲ. ಕೆಲವು ಮೀನು ಹೆಪ್ಪುಗಟ್ಟಿಸಿದ ಆಹಾರಕ್ಕೆ ಒಗ್ಗುತ್ತವಂತೆ, ಬಹಳಷ್ಟು ಒಗ್ಗುವುದಿಲ್ಲ. ಮೀನು ಸಾಕುವ ಅನುಭವಸ್ಥರು ಇದನ್ನು ಕೊಳ್ಳಬೇಡಿ ಎಂದೇ ಹೇಳುತ್ತಾರೆ. ತಿಂಗಳು ತುಂಬುವುದರೊಳಗೆ ಅದು ಬಡಕಲಾಗಿ ಸತ್ತಿತು.

ಆ ತೊಟ್ಟಿಯ ಮುಂದೆ ಕೂತಾಗ ನಾನು ಅಂದುಕೊಂಡದ್ದು ಹೀಗೆ. ಇಲ್ಲಿ ಈ ಮೀನು ಕಳ್ಳನೇ? ಕಡಲಿನಲ್ಲಿ ಅದರ ಮುಂದೆ ಎರಡು ದಾರಿಗಳಿದ್ದವು, ಹುಳು ತಿನ್ನುವುದು, ಲೋಳೆ ಕದಿಯುವುದು. ತೊಟ್ಟಿಯಲ್ಲಿ ಅದಕ್ಕೆ ಗೊತ್ತಿರುವ ಒಂದೇ ದಾರಿ ಉಳಿದಿತ್ತು. ನೇಮದಿಂದ ಬದುಕುವುದಕ್ಕೆ ನೇಮದ ಕೂಳೂ ಸಿಗಬೇಕಲ್ಲ. ಒಡನೆಯೇ ನನಗೆ ಗಣಿತದ ಮೇಷ್ಟರ ಹುದ್ದೆ ಇಡೀ ವರ್ಷ ಖಾಲಿ ಬಿದ್ದಿದ್ದ ಒಂದು ಶಾಲೆಯ ಮಕ್ಕಳು ನೆನಪಾದರು. ಊರಿನ ಹೆಸರು ಬೇಡ, ಅಂಥ ಊರುಗಳು ಒಂದೆರಡಲ್ಲ. ಅವರ ಮೇಲೆಯೂ ಕ್ಯಾಮೆರಾ ಇತ್ತು. ಕಲಿಸದೆ ಬಿಟ್ಟವರ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ಕಷ್ಟಪಟ್ಟು ಓದಿದ ಹುಡುಗಿಯ ಪಕ್ಕದಲ್ಲಿ ಚೀಟಿ ಇಟ್ಟುಕೊಂಡು ಬರೆಯುವವನು ಅವಳಿಗೆ ಮಾಡುವ ಅನ್ಯಾಯ ನನಗೆ ಗೊತ್ತು. ಆದರೆ ಯಾರ ಹೊಟ್ಟೆ ತುಂಬಿದೆ, ಯಾರದು ಖಾಲಿ ಎಂದು ವಿಚಾರಿಸದೆ ಎಲ್ಲರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟು ಕಳಿಸುವುದು ಯಾಕೋ ಸರಿ ಕಾಣುವುದಿಲ್ಲ. ಕಥೆಯ ಶಿಷ್ಯರೆಲ್ಲ ಮಠದಲ್ಲಿ ಉಂಡವರು.

ಹಾಗಾದರೆ ನೋಡುವ ಕಣ್ಣಿಗೆ ಹೆದರಿ ನಡೆದುಕೊಂಡ ನೇಮಕ್ಕೆ ಬೆಲೆಯೇ ಇಲ್ಲವೇ? ಇದಕ್ಕೆ ಲಿಜರ್ಡ್ ದ್ವೀಪದಲ್ಲಿಯೇ ಇನ್ನೊಂದು ಉತ್ತರವಿದೆ. ಅಲ್ಲಿನ ಕೆಲವು ಹವಳದ ದಿಬ್ಬಗಳಿಂದ ಎಲ್ಲ ಕ್ಲೀನರ್ ಮೀನುಗಳನ್ನೂ ತೆಗೆದು, ಮತ್ತೆ ಬಂದು ಸೇರದಂತೆ ನೋಡಿಕೊಂಡು ಎಂಟೂವರೆ ವರ್ಷ ಕಾದರು. 2011ರಲ್ಲಿ ಆ ಫಲಿತಾಂಶ ಹೊರಬಂತು. ಕ್ಲೀನರ್ ಇಲ್ಲದ ದಿಬ್ಬಗಳಲ್ಲಿ ನೆಲೆಸಿದ್ದ ಮೀನುಗಳ ಸಂಖ್ಯೆ ಶೇ. 37ರಷ್ಟು ಕಡಿಮೆಯಾಗಿತ್ತು, ಜಾತಿಗಳು ಶೇ. 23ರಷ್ಟು ಕಡಿಮೆ. ಉಳಿದ ಮೀನುಗಳ ಬೆಳವಣಿಗೆಯೂ ಕುಂಠಿತವಾಗಿತ್ತು. ಒಂದು ಬೆರಳುದ್ದದ ಮೀನಿನ ಅರೆಮನಸ್ಸಿನ, ಕಣ್ಣಿಗೆ ಹೆದರಿದ, ಆಗಾಗ ಕದಿಯುವ ಸೇವೆಯೂ ಅಷ್ಟು ಜೀವಗಳನ್ನು ಹಿಡಿದು ನಿಲ್ಲಿಸಿತ್ತು. ಇದನ್ನು ಓದಿದ ಮೇಲೆ, ಮೇಲಧಿಕಾರಿ ಬರುತ್ತಾರೆಂದು ಗಡಿಬಿಡಿಯಲ್ಲಿ ಪಾಠ ಮುಗಿಸುವ ಸಹೋದ್ಯೋಗಿಯನ್ನು ಕಂಡರೆ ನನಗೆ ಮೊದಲಿನಷ್ಟು ತಾತ್ಸಾರವಿಲ್ಲ. ಪಾಠವಂತೂ ಆಯಿತಲ್ಲ. ನಮ್ಮ ಅಮ್ಮಂದಿರ ‘ನಾಲ್ಕು ಜನ’ಕ್ಕೂ ಇಂಥದೊಂದು ಲೆಕ್ಕವಿದ್ದೀತು. ಎಷ್ಟು ಮನೆಗಳಲ್ಲಿ ಸೊಸೆಯ ಮೇಲೆ ಎತ್ತಿದ ಕೈ ಪಕ್ಕದ ಮನೆಯ ಕಿಟಕಿ ತೆರೆದದ್ದಕ್ಕೆ ಇಳಿದಿಲ್ಲ? ಅದೇ ಕಿಟಕಿ ಆ ಸೊಸೆ ಸಂಜೆ ಒಬ್ಬಳೇ ಲೈಬ್ರರಿಗೆ ಹೊರಟಾಗಲೂ ತೆರೆಯುತ್ತದೆ. ಕಿಟಕಿಯನ್ನು ಹೊಗಳಲೂ ಆಗುವುದಿಲ್ಲ, ಬೈಯಲೂ ಆಗುವುದಿಲ್ಲ.

ಇದೇ ಮೀನಿನ ಬಗ್ಗೆ 2019ರಲ್ಲಿ ಜಪಾನಿನ ಒಸಾಕದಿಂದ ಇನ್ನೂ ವಿಚಿತ್ರವಾದ ವಿಷಯ ಬಂತು. ಮಸನೋರಿ ಕೊಹ್ದ ಮತ್ತು ಸಂಗಡಿಗರು ಈ ಮೀನುಗಳ ಗಂಟಲಿನ ಕೆಳಗೆ, ತಮಗೆ ತಾವೇ ನೋಡಿಕೊಳ್ಳಲಾಗದ ಜಾಗದಲ್ಲಿ, ಕಂದು ಚುಕ್ಕೆಯೊಂದನ್ನು ಇಟ್ಟು ತೊಟ್ಟಿಯಲ್ಲಿ ಕನ್ನಡಿ ತೋರಿಸಿದರು. ಕನ್ನಡಿಯಲ್ಲಿ ಚುಕ್ಕೆಯನ್ನು ಕಂಡ ಮೀನುಗಳು ತಮ್ಮ ಗಂಟಲನ್ನು ತಳಕ್ಕೆ ಉಜ್ಜಿಕೊಂಡವು. ಎಂದರೆ ಕನ್ನಡಿಯಲ್ಲಿರುವುದು ತಾನೇ ಎಂಬ ಅರಿವು ಅದಕ್ಕಿದೆ ಎಂದು ಅವರ ವಾದ. ಚಿಂಪಾಂಜಿಗಳಿಗೆ ಇಂಥ ಪರೀಕ್ಷೆಯನ್ನು ಮೊದಲು ರೂಪಿಸಿದ ಗಾರ್ಡನ್ ಗ್ಯಾಲಪ್ ಇದನ್ನು ಒಪ್ಪಲಿಲ್ಲ. ಅವರ ಜಗಳ ಅವರಿಗಿರಲಿ. ನನ್ನ ಕುತೂಹಲ ಬೇರೆಯೇ. ತನ್ನನ್ನು ತಾನು ಕಂಡುಕೊಳ್ಳುವ ಜೀವಕ್ಕೆ, ಯಾರೂ ಇಲ್ಲದಾಗ ಕದಿಯುವುದನ್ನೂ ತಾನೇ ಕಂಡಂತಾಗುತ್ತದೆಯೇ? ಮೈಮೇಲಿನ ಚುಕ್ಕೆಯನ್ನು ಉಜ್ಜಿಕೊಳ್ಳುವಷ್ಟು ಕನ್ನಡಿ ಸಾಕು, ನಾಚಿಕೆಗೆ ಅದು ಸಾಲದೆಂದು ಕಾಣುತ್ತದೆ. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಳ್ಳುವ ನಾವೇ ಇದಕ್ಕೆ ಸಾಕ್ಷಿ.

ಕಳೆದ ಕೆಲವು ವರ್ಷಗಳಿಂದ ನಾನು ಕಿರುಪರೀಕ್ಷೆ ಕೊಟ್ಟು ಹತ್ತು ನಿಮಿಷ ತರಗತಿಯಿಂದ ಹೊರಗೆ ಹೋಗುತ್ತೇನೆ. ಹೋಗುವ ಮೊದಲು ಹೇಳಿಯೇ ಹೋಗುತ್ತೇನೆ, ಕದ್ದು ನೋಡುವುದಿಲ್ಲ. ಕೆಲವರು ಪಕ್ಕದವರದನ್ನು ನೋಡಿ ಬರೆಯುತ್ತಾರೆಂದು ಉತ್ತರದ ಒಂದೇ ಬಗೆಯ ತಪ್ಪುಗಳಿಂದ ಗೊತ್ತಾಗುತ್ತದೆ. ಈ ವರ್ಷ ಯಾರದನ್ನೂ ನೋಡದ ಒಬ್ಬ ಜಾಣ ಹುಡುಗಿಯನ್ನು, ಯಾಕಮ್ಮ ನೀನು ನೋಡಲಿಲ್ಲ ಎಂದು ಕೇಳಿದೆ. “ನಂಗೆ ಎಲ್ಲಾ ಬರ್ತಿತ್ತಲ್ಲ ಮಿಸ್” ಎಂದಳು. ಕೊನೆಯ ಬೆಂಚಿನ ಹುಡುಗನ ಹಾಳೆಯಲ್ಲಿ ಐದು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರವೇ ಇರಲಿಲ್ಲ. ಅವನ ಪಕ್ಕದಲ್ಲಿಯೇ ಆ ಜಾಣೆಯ ತಮ್ಮ ಕೂತಿದ್ದ, ಬಗ್ಗಿದರೆ ಎಲ್ಲ ಕಾಣುತ್ತಿತ್ತು. ಅವನನ್ನೂ ಕೇಳಿದೆ. ತಲೆ ಕೆರೆದುಕೊಂಡು ನಕ್ಕ, ಏನೂ ಹೇಳಲಿಲ್ಲ. ಖಾಲಿ ಬಿಟ್ಟ ಆ ಮೂರು ಜಾಗಗಳಿಗೆ ಅಂಕಪಟ್ಟಿಯ ನಿಯಮದ ಪ್ರಕಾರ ಸೊನ್ನೆ ಹಾಕಬೇಕು, ಹಾಕಿದೆ. ಆ ಹಾಳೆಯನ್ನು ಮಾತ್ರ ಉಳಿದವುಗಳ ಜೊತೆ ಕಟ್ಟಿಡದೆ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.